ಏಳನೆಯ ಕಮಾನು ಪಟ್ಟಿ

"ಒಂದು ಗಡಿಗಿ ಮೊಸರು ನಿಮ್ಮ ಹೊಲದ ಮನಿಯಿಂದ ನಿಮ್ಮ ಗಾಡ್ಯಾಗ ಇಲ್ಲೀತನಕ ತರ್ರಿ ಬೀಗತಿ. ಮೊಸರು ಒಡೀಲಿಲ್ಲಂದ್ರ ಅದೇ ಗಾಡ್ಯಾಗ ಸೊಸಿನ್ನೂ ಕೂಸಿನ್ನೂ ಕುಂದರಿಸಿ ಕಳಸ್ತೀನಿ. ಒಡದಿತ್ತಂದ್ರ, ಮಜ್ಜಿಗಿ ಮಾಡ್ಕೊಂಡು ಕುಡದು ನಿಮ್ಮ ಪಾಡಿಗೆ ನೀವು ಹೋಗ್ರಿ."

ಕುಷ್ಟಗಿಯ ತನ್ನ ಮನೆಯ ಪಡಸಾಲೆಯಲ್ಲಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಭೀಮಕ್ಕ ಹೀಗೆ ಅಂದಾಗ ಅಲ್ಲಿದ್ದವರೆಲ್ಲ ನಕ್ಕರು. ಬೀಗರ ನಡುವಿನ ಮಾತೆಂದ ಮೇಲೆ ಒಂದು ಚುಚ್ಚು ಇಲ್ಲದಿದ್ದರೆ ಅದು ಮಾತೇ ಅಲ್ಲ. ಶೇಖರಮ್ಮನೂ ನಕ್ಕಳು. ಆದರೆ ಒಳಕೋಣೆಯ ಮಂಚದ ಮೇಲೆ ಕೂಸಿಗೆ ಹಾಲೂಡಿಸುತ್ತಿದ್ದ ಮಗಳು ಕವಿತಾ ಮಾತ್ರ ನಗದೆ ತಾಯಿಯ ಮುಖವನ್ನೇ ನೋಡಿದಳು. ಆ ನೋಟ ಶೇಖರಮ್ಮನ ಎದೆಯಲ್ಲಿ ಉಳಿದುಬಿಟ್ಟಿತು.

ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು. ಶೇಖರಮ್ಮ ಅದಕ್ಕಾಗಿ ಮನೆಯ ಮೂಡಣ ಕೋಣೆಗೆ ಸುಣ್ಣ ಬಳಿದಿದ್ದಳು, ಹೊರಸಿಗೆ ಹೊಸ ನುಲಿ ಹಾಕಿಸಿದ್ದಳು, ಅಂಟಿನ ಉಂಡೆಗೆಂದು ಕೊಬ್ಬರಿ, ಉತ್ತತ್ತಿ ತಂದು ಡಬ್ಬಿಗೆ ತುಂಬಿದ್ದಳು. ಆದರೆ ಕೊಪ್ಪಳದ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಕೂಸನ್ನು ತೆಗೆಯಬೇಕಾಯಿತು. "ಹೊಲಿಗೆ ಮಾಯುವವರೆಗೆ ಕುಲುಕಾಟದ ದಾರಿ ಬೇಡ" ಎಂದರು ಡಾಕ್ಟರಮ್ಮ. ಕುಷ್ಟಗಿಗೆ ನುಣುಪಾದ ಹೆದ್ದಾರಿ ಇತ್ತು. ಬಾಣಂತಿ ಗಂಡನ ಮನೆಗೇ ಹೋದಳು. ಈಗ ಒಂದೂವರೆ ತಿಂಗಳು ತುಂಬಿತ್ತು. ಡಾಕ್ಟರಮ್ಮ ಹೋಗಬಹುದು ಎಂದಿದ್ದರು, "ಆದರೆ ಮೆಲ್ಲಗೆ, ಗಾಡಿ ಎತ್ತಿಹಾಕಬಾರದು" ಎಂಬ ಮಾತನ್ನೂ ಸೇರಿಸಿದ್ದರು.

ಶೇಖರಮ್ಮನ ಮನೆ ಇರುವುದು ಇಟಗಿಯಿಂದ ಆಚೆ, ಡಾಂಬರು ರಸ್ತೆ ಬಿಟ್ಟು ನಾಲ್ಕು ಕಿಲೋಮೀಟರು ಒಳಗೆ, ಹೊಲದಲ್ಲೇ. ದಾರಿಯಲ್ಲಿ ಮೊದಲು ಗರಸಿನ ದಿನ್ನೆ, ಆಮೇಲೆ ಹಾಸುಬಂಡೆ, ಆಮೇಲೆ ಹಳ್ಳ. ಆಟೋದವರು ದಿನ್ನೆ ನೋಡಿಯೇ ತಿರುಗಿಸಿಕೊಂಡು ಹೋಗುತ್ತಾರೆ. ಅಲ್ಲಿ ನಡೆಯುವುದು ಒಂದೇ ವಾಹನ, ಶೇಖರಮ್ಮನ ಗಂಡ ಮುದುಕಪ್ಪನದು. ಮುಂದೆ ಜೀಪಿನ ಮುಖ, ಹಿಂದೆ ಸಣ್ಣ ಲಾರಿಯ ತೊಟ್ಟಿ, ಅದರ ಮೇಲೆ ತಾಡಪಾಲಿನ ಮಾಡು. ನಾಲ್ಕೂ ಗಾಲಿ ಎಳೆಯುತ್ತವೆ. ಗ್ರಾನೈಟ್ ಖಣಿಯವರು ಹಳೆಯದಾಯಿತೆಂದು ಮಾರಿದ್ದನ್ನು ಮುದುಕಪ್ಪ ತಂದಿದ್ದ. ಅದಕ್ಕೆ 'ಗೂಳಿ' ಎಂದು ಹೆಸರಿಟ್ಟಿದ್ದ. ಹಳ್ಳಕ್ಕೆ ಮೊಣಕಾಲುದ್ದ ನೀರು ಬಂದರೂ ಗೂಳಿ ದಾಟುತ್ತಿತ್ತು. ಒಳಗೆ ಕುಳಿತವರ ಗತಿ ಮಾತ್ರ ಕೇಳುವಂತಿರಲಿಲ್ಲ.

ಭೀಮಕ್ಕ ನಾಲ್ಕು ವರ್ಷದ ಹಿಂದೆ, ಮಗನ ಮದುವೆ ಆದ ಹೊಸದರಲ್ಲಿ, ಒಮ್ಮೆ ಅದರಲ್ಲಿ ಕುಳಿತು ಬಂದಿದ್ದಳು. ಮತ್ತೆ ಬಂದಿರಲಿಲ್ಲ. "ಇಳಿದ ಮ್ಯಾಲ ಮೊದಲ ನನ್ನ ಹಲ್ಲು ಎಣಿಸ್ಕೊಂಡೆ" ಎಂದು ಈಗಲೂ ಕಂಡಕಂಡವರಿಗೆ ಹೇಳುತ್ತಿದ್ದಳು.

ಹೊಲಕ್ಕೆ ಮರಳಿದ ಮರುದಿನವೇ ಶೇಖರಮ್ಮ ಒಂದು ಗಡಿಗೆಗೆ ಎಮ್ಮೆಯ ಹಾಲು ಹೆಪ್ಪು ಹಾಕಿದಳು. ಬೆಳಿಗ್ಗೆ ಗಡಿಗೆಯನ್ನು ಗೂಳಿಯ ತೊಟ್ಟಿಯಲ್ಲಿ, ಸಿಂಬಿಯ ಮೇಲೆ ಇಟ್ಟಳು. ಮುದುಕಪ್ಪ ಡಾಂಬರು ರಸ್ತೆಯವರೆಗೆ ಓಡಿಸಿದ. ಅರಿವೆ ಬಿಚ್ಚಿ ನೋಡಿದರೆ ನೀರು ಬೇರೆ, ಗರಣೆ ಬೇರೆ.

"ಬೆಣ್ಣಿ ಏನರ ಬಂದೈತೇನು ನೋಡು," ಎಂದ ಮುದುಕಪ್ಪ. "ಬಂದಿದ್ರ ಕಡಗೋಲು ಮಾರಿಬಿಡೂಣು."

ಶೇಖರಮ್ಮ ಮಜ್ಜಿಗೆಯಲ್ಲಿ ತೇಲುವ ಗರಣೆಗಳನ್ನು ನೋಡುತ್ತ ಆರು ವಾರದ ಕೂಸಿನ ಕುತ್ತಿಗೆ ಎಷ್ಟು ಎಳೆಯದು ಎಂದು ಯೋಚಿಸುತ್ತಿದ್ದಳು. ಭೀಮಕ್ಕನ ಮಾತು ಬರೀ ಕುಹಕವಲ್ಲ, ಅದರಲ್ಲಿ ಹುರುಳಿದೆ ಅನ್ನಿಸಿತು. ಹೆಂಡತಿಯ ಮುಖ ನೋಡಿದ ಮುದುಕಪ್ಪನೂ ನಗು ನಿಲ್ಲಿಸಿದ. "ರೌಫಸಾಬರ ಹಂತ್ಯಾಕ ಹೋಗೂಣು ನಡಿ," ಎಂದ.

ಅಬ್ದುಲರೌಫನ ಗ್ಯಾರೇಜು ಗಂಗಾವತಿಯಲ್ಲಿ, ಅಕ್ಕಿ ಗಿರಣಿಗಳ ಸಾಲಿನ ಕೊನೆಗೆ. ಮೂವತ್ತು ವರ್ಷದಿಂದ ಅವನದು ನೆಲ್ಲು ಹೊರುವ ಗಾಡಿಗಳ ಕೆಲಸ. ಗೂಳಿಯ ಅಡಿಗೆ ಒಂದು ಸಲ ತಲೆ ಹಾಕಿ, ಗಾಲಿಗಳ ಮೇಲೆ ಗಾಡಿಯನ್ನು ಹೊತ್ತ ಕಮಾನುಗಳನ್ನು ನೋಡಿ ಹೊರಬಂದು, ಕೈ ಒರೆಸಿಕೊಳ್ಳುತ್ತ ಹೇಳಿದ:

"ಹಿಂದಿನ ಕಮಾನು ಒಂದೊಂದಕ್ಕ ಹನ್ನೊಂದು ಪಟ್ಟಿ ಅದಾವ ಅಕ್ಕಾ. ಇವು ಕಲ್ಲು ಹೊರೂ ಕಮಾನು. ಕಲ್ಲಿಗೆ ಏನು ನೋವಾಗ್ತೈತಿ."

"ಬಾಣಂತಿ ಹೊರೂ ಕಮಾನು ಬೇಕ್ರಿ ನಮಗ," ಎಂದಳು ಶೇಖರಮ್ಮ.

ರೌಫ ಅವಳನ್ನು ಒಂದು ಗಳಿಗೆ ನೋಡಿದ. ಆಮೇಲೆ ಶೆಡ್ಡಿನ ಹಿಂದಕ್ಕೆ ಹೋಗಿ, ಹಳೆಯ ಟಯರುಗಳ ಸಂದಿಯಿಂದ ಒಂದು ಜೊತೆ ಕಮಾನು ಎಳೆದು ತಂದ. ಉದ್ದವಾಗಿದ್ದವು, ತೆಳ್ಳಗಿದ್ದವು. ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳು ಒಂದರ ಮೇಲೊಂದು, ಆರೇ ಆರು.

"ಹಳೇ ಆಂಬುಲೆನ್ಸಿನವು. ಗಾಡಿ ಗುಜರಿಗೆ ಹೋತು, ಇವನ್ನ ಕೊಡಾಕ ನನಗ ಮನಸ್ಸಾಗಲಿಲ್ಲ. ಎಷ್ಟು ಮಂದಿ ಬಸುರ್ಯಾರನ್ನ, ಬಾಣಂತ್ಯಾರನ್ನ ಹೊತ್ತಾವೋ ಏನೋ. ಯಾರರ ಕೇಳ್ಕೊಂಡು ಬರ್ತಾರ ಅಂತ ಇಟ್ಟಿದ್ದೆ."

ಕಮಾನು ಬದಲಿಸಿದರೆ ಸಾಲದು, ಶೆಕಲ್ಲುಗಳನ್ನೂ ಬದಲಿಸಬೇಕು ಎಂದ. ಕಮಾನಿನ ಹಿಂದಿನ ತುದಿಯನ್ನು ಗಾಡಿಯ ಚಾಸಿಗೆ, ಅಂದರೆ ಅಡಿಯ ಉಕ್ಕಿನ ಚೌಕಟ್ಟಿಗೆ, ತೂಗುಹಾಕುವ ಜೋಡಿ ಕೊಂಡಿಗೆ ಶೆಕಲ್ ಅನ್ನುತ್ತಾರೆ. ಗಾಲಿ ಕಲ್ಲು ಹತ್ತಿದಾಗ ಕಮಾನು ಚಪ್ಪಟೆಯಾಗಿ ಉದ್ದ ಬೆಳೆಯುತ್ತದೆ, ಆಗ ಈ ಕೊಂಡಿ ಹಿಂದಕ್ಕೆ ತೂಗಿ ಅದಕ್ಕೆ ಜಾಗ ಬಿಡುತ್ತದೆ. "ತೊಟ್ಟಿಲ ಸರಪಣಿ ಇದ್ದಂಗ ಅಕ್ಕಾ. ಉದ್ದನ ಕಮಾನಿಗೆ ಉದ್ದನ ಸರಪಣಿ ಬೇಕು," ಎಂದು ರೌಫ ಬಿಡಿಸಿ ಹೇಳಿದಾಗ ಶೇಖರಮ್ಮನಿಗೆ ಕೆಲಸವೆಲ್ಲ ಕಣ್ಣಿಗೆ ಕಟ್ಟಿದಂತಾಯಿತು.

ಅಂದು ಮಧ್ಯಾಹ್ನ ರೌಫನ ಹೆಂಡತಿ ಹಸೀಬಾ ಬಂದು ಶೇಖರಮ್ಮನನ್ನು ಗ್ಯಾರೇಜಿನ ಹಿಂದಿನ ಮನೆಗೆ ಕರೆದೊಯ್ದಳು. ಬಿಸಿ ರೊಟ್ಟಿ, ಸಬ್ಬಸಿಗೆ ಪಲ್ಯ ಬಡಿಸಿದಳು. "ನಿಮಗ ಅಂತ ಬ್ಯಾರೆ ಹಂಚಿನ್ಯಾಗ ಸುಟ್ಟೀನ್ರಿ," ಎಂದಳು. ಶೇಖರಮ್ಮನಿಗೆ ಅದೇನೂ ಬೇಕಿರಲಿಲ್ಲ, ಆದರೂ ಆ ಎಚ್ಚರ ಹಿತವೆನ್ನಿಸಿತು. ಇಬ್ಬರೂ ಬಾಣಂತಿಯ ಮದ್ದು, ಕೂಸಿನ ಹೊಟ್ಟೆನೋವು, ಬೀಗರ ಬಿಂಕ ಎಲ್ಲ ಮಾತಾಡಿದರು.

"ನಿಮ್ಮ ಬೀಗತ್ಯಾರು ಒಂದು ಸಲ ಬಂದು ನಿಮ್ಮ ಮನಿ ನೋಡಿ ಹೋದ್ರ ಸಮಾಧಾನ ಆಗ್ತಿತ್ತೇನೋ," ಎಂದಳು ಹಸೀಬಾ.

"ಹ್ಯಾಂಗ ಬರ್ತಾರವ್ವಾ. ಮೊಣಕಾಲು ಭಾಳ ನೋವು. ನಮ್ಮ ಗಾಡಿ ಹತ್ತಬೇಕಂದ್ರ ಇಬ್ಬರು ಮ್ಯಾಲಿಂದ ಜಗ್ಗಬೇಕು, ಒಬ್ಬರು ಕೆಳಗಿಂದ ನೂಕಬೇಕು. ಹೋದ ಸಲ ಹಂಗ ಹತ್ತಿಸಿದಾಗ ಮಂದಿ ನಕ್ರು. ಅದನ್ನ ಅವರು ಮರ್ತಿಲ್ಲ."

ಸಂಜೆ ಹೊತ್ತಿಗೆ ಕಮಾನು ಕೂತವು, ಹೊಸ ಶೆಕಲ್ ಕೂತವು. ಗೂಳಿ ಹಿಂದೆ ನಾಲ್ಕು ಬೆರಳು ಎತ್ತರವಾಗಿ, ಹಬ್ಬಕ್ಕೆ ಮೈ ತೊಳೆಸಿಕೊಂಡ ಎತ್ತಿನ ಹಾಗೆ ನಿಂತಿತು.

ಮರುದಿನ ಮತ್ತೆ ಹೆಪ್ಪು, ಮತ್ತೆ ಗಡಿಗೆ, ಮತ್ತೆ ಡಾಂಬರು ರಸ್ತೆ. ಶೇಖರಮ್ಮ ಅರಿವೆ ಬಿಚ್ಚಿದಳು. ಮೊದಲಿನಷ್ಟು ಕೆಟ್ಟಿರಲಿಲ್ಲ, ಆದರೆ ಮೊಸರು ನಡುವೆ ಸೀಳಿ ಸೀಳಿನ ತುಂಬ ನೀರು ನಿಂತಿತ್ತು.

ಅವಳು ಗಡಿಗೆ ಕೆಳಗಿಟ್ಟು ಗಾಡಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತಳು. ಕಮಾನಿನ ಪಟ್ಟಿಗಳ ಮೇಲೆ ಬೆರಳಿಡುತ್ತ ಹೋದಳು. ಇನ್ನೊಂದು ಬದಿಗೂ ಹೋಗಿ ಬೆರಳಿಟ್ಟಳು.

"ಆರು ಪಟ್ಟಿ ಅಂದಿದ್ರು ರೌಫಸಾಬರು. ಏಳು ಅದಾವಲ್ಲ."

ಮುದುಕಪ್ಪ ಜೋಳದ ಹೊಲದ ಕಡೆ ಮುಖ ತಿರುಗಿಸಿದ. "ಈ ಸಲ ಗುಬ್ಬಿ ಭಾಳ ಆಗ್ಯಾವ ನೋಡು."

"ಗುಬ್ಬಿ ಸುದ್ದಿ ಆಮ್ಯಾಲ ಹೇಳ್ರಿ."

"ಮುಂದ ಯಾವಾಗರ ಗೊಬ್ಬರದ ಚೀಲ ಹೇರಬೇಕಾಗ್ತೈತಿ, ಒಂದೊಂದು ಪಟ್ಟಿ ಹೆಚ್ಚಿಗಿ ಇರ್ಲಿ ಅಂತ ನಾನೇ ಅಂದಿದ್ದೆ. ನೀನು ಒಳಗ ಉಣ್ಣಾಕ ಹೋಗಿದ್ದಿ."

"ಗೊಬ್ಬರದ ಚೀಲಕ್ಕ ಕುಲುಕಿದ್ರ ನಡೀತೈತಿ. ಕೂಸಿಗೆ ನಡೀತೈತೇನು?"

ಅವಳು ದನಿ ಏರಿಸಿ ಅನ್ನಲಿಲ್ಲ. ಅದಕ್ಕೇ ಮುದುಕಪ್ಪನಿಗೆ ಹೆಚ್ಚು ತಾಗಿತು. ಅವನು ಸ್ವಲ್ಪ ಹೊತ್ತು ಗಾಲಿಗೆ ಅಂಟಿದ ಮಣ್ಣನ್ನು ಬೆರಳಿಂದ ಕೆದರುತ್ತ ನಿಂತ. ಆಮೇಲೆ ಮನೆಗೆ ತಿರುಗಿಸದೆ, ಚಹಾ ಸಹ ಕೇಳದೆ, ಹೆಂಡತಿಯ ಸೀಟಿನ ಮೇಲೆ ತನ್ನ ಹೊದಿಕೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದ. "ಹತ್ತು. ಗಂಗಾವತಿಗೆ ಹೋಗೂಣು," ಎಂದ.

ರೌಫನಿಗೆ ನಾಚಿಕೆಯಾಯಿತು. "ಯಜಮಾನರು ಹೇಳಿದ್ರು ಖರೆ. ಆದ್ರ ತಪ್ಪು ಅವರದಲ್ಲ ಅಕ್ಕಾ. ಅವರು ಹೇಳದಿದ್ರೂ ನನ್ನ ಕೈ ತಾನೇ ಹಾಕಿಬಿಡ್ತಿತ್ತು. ಮೂವತ್ತು ವರ್ಷದಾಗ ಈ ಬಾಗಿಲಿಗೆ ಬಂದವರೆಲ್ಲ ಒಂದು ಪಟ್ಟಿ ಹಾಕು ಅಂದವರೇ. ಪಟ್ಟಿ ತಗಿ ಅಂತ ಬಂದವರು ನೀವೊಬ್ಬರೇ."

ಈ ಸಲ ಹಸೀಬಾ ಕರೆದರೂ ಶೇಖರಮ್ಮ ಒಳಗೆ ಹೋಗಲಿಲ್ಲ. ಗಾಡಿಯ ಪಕ್ಕದಲ್ಲೇ ಒಂದು ಡಬ್ಬ ಬೋರಲು ಹಾಕಿಕೊಂಡು ಕೂತಳು. ಹಸೀಬಾ ನಕ್ಕು, ಚಹಾವನ್ನು ಅಲ್ಲಿಗೇ ತಂದಳು. ರೌಫ ಜಾಕ್ ಕೊಟ್ಟು ಗಾಡಿಯ ಹಿಂಭಾಗ ಎತ್ತಿದ, ಚಾಸಿಗೆ ಕಟ್ಟಿಗೆಯ ದಿಮ್ಮಿ ಕೊಟ್ಟ. ಕಮಾನು ಬಿಚ್ಚಿ ಏಳನೆಯ ಪಟ್ಟಿಗಳನ್ನು ತೆಗೆದ. ಆರು ಪಟ್ಟಿಗಳನ್ನು ಮತ್ತೆ ಜೋಡಿಸಿ, ಶೆಕಲ್ ಕೊಟ್ಟು, ಉದ್ದ ಹಿಡಿಕೆಯ ಪಾನಾದಿಂದ ಬೋಲ್ಟು ಬಿಗಿಯತೊಡಗಿದ. ಬಿಗಿಯುವಾಗ ಅವನ ಕುತ್ತಿಗೆಯ ನರ ಉಬ್ಬುತ್ತಿತ್ತು.

ಶೇಖರಮ್ಮ ನೋಡುತ್ತಲೇ ಇದ್ದಳು. ಗಾಲಿಗಳು ನೆಲ ಬಿಟ್ಟು ಗಾಳಿಯಲ್ಲಿ ತೂಗಾಡುತ್ತಿದ್ದವು. ಕಮಾನುಗಳು ಭಾರವಿಲ್ಲದೆ ಕೆಳಕ್ಕೆ ಬಗ್ಗಿ ಜೋತುಬಿದ್ದಿದ್ದವು. ಆ ಜೋತುಬಿದ್ದ ಸ್ಥಿತಿಯಲ್ಲೇ ರೌಫ ಬಿಗಿಯುತ್ತಿದ್ದ. ಅವಳಿಗೆ ಚಿಕ್ಕಂದಿನದು ಏನೋ ನೆನಪಾಯಿತು.

"ರೌಫಸಾಬ್ರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಮ್ಮಪ್ಪ ಬಂಡಿಗೆ ಜ್ವಾಳದ ಕಣಿಕಿ ಹೇರಿದಾಗ ಮೊದಲ ಹಗ್ಗ ಸುಮ್ಮ ಹಾಯಿಸಿ ಬಿಡ್ತಿದ್ದ, ಬಿಗೀತಿರಲಿಲ್ಲ. ಒಂದು ಹೊಲ ದಾಟಿ ಹೇರು ಕುಂತ ಮ್ಯಾಲ ಬಂಡಿ ನಿಲ್ಲಿಸಿ ಬಿಗೀತಿದ್ದ. ನೀವು ಗಾಲಿ ಗಾಳ್ಯಾಗ ಇದ್ದಾಗನ ಬಿಗಿಯಾಕತ್ತೀರಿ. ನೆಲಕ್ಕ ಇಳಿಸಿ, ಭಾರ ಕುಂತ ಮ್ಯಾಲ ಬಿಗಿದ್ರ ಏನಾಗ್ತೈತಿ?"

"ಏನೂ ಆಗಂಗಿಲ್ಲ ಅಕ್ಕಾ, ನಾವು ಯಾವತ್ತೂ ಹಿಂಗ..." ಎಂದವನು ಅಲ್ಲಿಗೇ ನಿಲ್ಲಿಸಿದ. ಪಾನಾ ಕೈಯಲ್ಲೇ ಉಳಿಯಿತು. ಅವನು ಮಲಗಿದಲ್ಲಿಂದಲೇ ಕಮಾನಿನ ತುದಿಯ ಕಣ್ಣಿನೊಳಗೆ, ಬೋಲ್ಟಿನ ಸುತ್ತ ಕೂರುವ ಬುಷ್ಷನ್ನು ಬೆರಳಿಂದ ಒತ್ತಿ ನೋಡಿದ. ಆಮೇಲೆ ತೆವಳಿ ಹೊರಬಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

"ನೆಲ್ಲಿನ ಗಾಡ್ಯಾಗ ಕಬ್ಬಿಣದ ಬುಷ್ ಇರ್ತಾವ," ಎಂದ ನಿಧಾನಕ್ಕೆ. "ಗ್ರೀಸ್ ಹಾಕಿದ್ರ ಗರಗರ ತಿರಗ್ತಾವ, ಯಾವಾಗ ಬಿಗಿದ್ರೂ ಒಂದೇ. ಇವು ಆಂಬುಲೆನ್ಸಿನವು, ರಬ್ಬರ್ ಬುಷ್. ರಬ್ಬರ್ ತಿರಗಂಗಿಲ್ಲ. ಜೋತುಬಿದ್ದಾಗ ಬಿಗಿದು ಕೆಳಗ ಇಳಿಸಿದ್ರ ಕಿವಿ ಹಿಂಡಿ ಹಿಡದಂಗ ಆಗ್ತೈತಿ. ಮತ್ತ ಗಾಡಿ ಹ್ಯಾಂಗ ಮೆತ್ತಗ ಹೋದೀತು."

ಅವನು ತನ್ನ ಹಣೆಯನ್ನು ಪಾನಾದ ಹಿಡಿಕೆಯಿಂದ ಮೆಲ್ಲಗೆ ತಟ್ಟಿಕೊಂಡ. ಆಮೇಲೆ ನಗತೊಡಗಿದ. "ಹಸೀಬಾ, ಇಲ್ಲಿ ಬಾ. ಅಕ್ಕ ಡಬ್ಬದ ಮ್ಯಾಲ ಕುಂತು ಮೇಸ್ತ್ರಿ ಆದ್ರು."

ಬೋಲ್ಟುಗಳನ್ನೆಲ್ಲ ಸಡಿಲ ಮಾಡಿ ಗಾಡಿಯನ್ನು ಇಳಿಸಿದ. ಭಾರ ಬೇಕೆಂದ. ಮುದುಕಪ್ಪ ಸುಮ್ಮನೆ ಎದ್ದು ಹೋಗಿ, ಪಕ್ಕದ ಗಿರಣಿಯಿಂದ ಐವತ್ತು ಕಿಲೋ ಸಣ್ಣಕ್ಕಿಯ ಚೀಲ ಹೊತ್ತು ತಂದು ತೊಟ್ಟಿಗೆ ಹಾಕಿದ. "ಬೀಗರ ಮನಿಗೆ ಬರಿಗೈಲೆ ಹೋಗೂದು ಬ್ಯಾಡ," ಎಂದ, ಯಾರೂ ಕೇಳದಿದ್ದರೂ. ಆಮೇಲೆ ತಾನೂ ಹತ್ತಿದ. ಶೇಖರಮ್ಮ ಹತ್ತಿದಳು. ಸೆರಗು ಸಿಕ್ಕಿಸಿಕೊಂಡು ಹಸೀಬಾನೂ ಹತ್ತಿದಳು. ನಿಬ್ಬಣಕ್ಕೆ ಹೊರಟವರ ಹಾಗೆ ಮೂವರೂ ಚೀಲದ ಸುತ್ತ ಕೂತರು. ಅಡಿಯಿಂದ ರೌಫನ ದನಿ ಬಂತು: "ಯಾರೂ ಅಳಗ್ಯಾಡಬ್ಯಾಡ್ರಿ."

ಸರಿಯಾಗಿ ಆಗಲೇ ಮುದುಕಪ್ಪನಿಗೆ ಸೀನು ಬಂತು. ಅವನು ಮೂಗು ಹಿಡಿದುಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು ತಡೆಯುವುದನ್ನು ನೋಡಿ ಹೆಂಗಸರಿಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡರು. ನಗು ತಡೆದಷ್ಟೂ ಗಾಡಿ ಮೆತ್ತಗೆ ಮೇಲೆ ಕೆಳಗೆ ಆಡಿತು.

"ಹೂಂ, ಈಗ ಉಸಿರಾಡಾಕತ್ತು ಗಾಡಿ," ಎಂದ ರೌಫ ಅಡಿಯಿಂದ. "ಇಷ್ಟು ಭಾರ ಹಿಂದ ಯಾವಾಗಲೂ ಇರ್ಲಿ ಅಕ್ಕಾ. ಖಾಲಿ ಗಾಡಿ ಯಾವ ಕಮಾನು ಹಾಕಿದ್ರೂ ಕುಣೀತೈತಿ. ಭಾರ ಇದ್ರ ಮೆತ್ತಗ ಹೋಗ್ತೈತಿ."

ಹೊರಡುವಾಗ ಶೇಖರಮ್ಮ ಹಿಂದಿನ ಬಾಗಿಲ ಹತ್ತಿರ ಹೊಸದೇನೋ ಇರುವುದನ್ನು ಕಂಡಳು. ತೆಗೆದ ಏಳನೆಯ ಪಟ್ಟಿಗಳಲ್ಲೊಂದನ್ನು ರೌಫ ಅಡ್ಡಲಾಗಿ, ಗೂಳಿಯ ಹಳೆಯ ಶೆಕಲ್ ಕೊಂಡಿಗಳಿಂದಲೇ ಮೊಣಕಾಲಿನ ಎತ್ತರಕ್ಕೂ ಕೆಳಗೆ ಬಿಗಿದಿದ್ದ. ಪಟ್ಟಿಯ ಮೇಲೆ ಕಾಲು ಜಾರದಂತೆ ಹಳೆಯ ಟಯರಿನ ತುಂಡು. ಪಕ್ಕದಲ್ಲಿ ಕೈ ಹಿಡಿದುಕೊಳ್ಳಲು ಒಂದು ಸರಳು. ಚಂದದ ಮೆಟ್ಟಿಲು.

"ಇದು ಯಾಕ್ರಿ?" ಎಂದಳು.

ರೌಫ ಹೆಂಡತಿಯ ಕಡೆ ನೋಡಿದ. "ನಿಮ್ಮ ಬೀಗತ್ಯಾರಿಗೆ ಮೊಣಕಾಲು ನೋವಂತಲ್ಲ, ಹಸೀಬಾ ಹೇಳಿದ್ಲು. ಪಟ್ಟಿ ಹೆಂಗೂ ಉಳದಿತ್ತು."

ಭಾನುವಾರ ನಸುಕಿಗೆ ಅವರು ಹೊರಟರು. ಮಾಗಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಮೊಸರಿನ ಗಡಿಗೆಗೆ ಶೇಖರಮ್ಮ ಕೌದಿ ಹೊದಿಸಿ, ತೊಟ್ಟಿಯ ನಡುವೆ, ಅಕ್ಕಿ ಚೀಲದ ಪಕ್ಕಕ್ಕೆ ಸಿಂಬಿಯ ಮೇಲೆ ಇಟ್ಟಳು. ತಾನೂ ಹಿಂದೆಯೇ ಕೂತಳು. ಗರಸಿನ ದಿನ್ನೆ ಬಂತು. ಕಲ್ಲು ಗಾಲಿಯ ಅಡಿಗೆ ಬಂದದ್ದು ಗೊತ್ತಾಗುತ್ತಿತ್ತು, ಆದರೆ ಅದು ಎಲ್ಲೋ ಕೆಳಗೇ ಉಳಿಯುತ್ತಿತ್ತು. ಹಾಸುಬಂಡೆಯ ಮೇಲೆ ಗಾಡಿ ಒಂದು ಬದಿಗೆ ವಾಲಿ ಮೆಲ್ಲಗೆ ನೆಟ್ಟಗಾಯಿತು. ಹಳ್ಳಕ್ಕೆ ಇಳಿಯುವ ಮುಂಚೆ ಶೇಖರಮ್ಮನ ಕೈ ತಾನಾಗಿ ಗಡಿಗೆಯ ಕಡೆ ಹೋಯಿತು. ಮಡಿಲಿಗೆ ಎತ್ತಿಕೊಂಡುಬಿಟ್ಟರೆ ಹಳ್ಳ ದಾಟುವುದು ಸುಲಭ. ಯಾರೂ ನೋಡುತ್ತಿರಲಿಲ್ಲ. ಅವಳು ಕೈಯನ್ನು ಹಿಂದಕ್ಕೆ ತೆಗೆದುಕೊಂಡು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಮೊಸರಿಗೆ ಮೋಸ ಮಾಡಬಹುದು, ಕೂಸಿಗೆ ಮಾಡಲಾಗುವುದಿಲ್ಲ.

ಡಾಂಬರು ರಸ್ತೆ ಮುಟ್ಟಿದಾಗ ಮುದುಕಪ್ಪ ಗಾಡಿ ನಿಲ್ಲಿಸಿ ಕೂಗಿ ಕೇಳಿದ. "ಹ್ಯಾಂಗೈತಿ?"

"ನೋಡಿಲ್ಲ."

"ಜರಾ ಅರಿವಿ ಸರಿಸಿ ನೋಡು."

"ನೋಡೂದು ಬೀಗತ್ಯಾರು. ನಡೀರಿ."

ಕುಷ್ಟಗಿ ಮುಟ್ಟುವವರೆಗೆ ಅವನು ಮತ್ತೆ ಎರಡು ಸಲ ಕೇಳಿದ, ಎರಡು ಸಲವೂ ಅವಳು ನೋಡಲಿಲ್ಲ.

ಭೀಮಕ್ಕನ ಮನೆಯ ಕಟ್ಟೆಯ ಮೇಲೆ ಅಕ್ಕಪಕ್ಕದ ಹೆಂಗಸರು ಆಗಲೇ ಸೇರಿದ್ದರು. ಅಳಿಯ ಯಂಕೇಶ ಬಂದು ಅಕ್ಕಿ ಚೀಲ ಇಳಿಸಿಕೊಂಡ. ಶೇಖರಮ್ಮ ಗಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಭೀಮಕ್ಕನ ಮುಂದೆ ಇಟ್ಟಳು. ಹಿಂದಕ್ಕೆ ಸರಿದು ನಿಂತಳು.

ಭೀಮಕ್ಕ ಅರಿವೆ ಬಿಚ್ಚಿದಳು. ಬಗ್ಗಿ ನೋಡಿದಳು. ಒಳಗಿನಿಂದ ಚಮಚ ತರಿಸಿ, ಗಡಿಗೆಯ ಅಂಚಿಗೆ ಇಳಿಸಿ ಎತ್ತಿದಳು. ಮೊಸರು ಬೆಲ್ಲದ ಅಚ್ಚಿನ ಹಾಗೆ ಒಂದೇ ತುಂಡಾಗಿ ಬಂತು. ತೆಗೆದ ಜಾಗದ ಗೋಡೆ ನೆಟ್ಟಗೆ ನಿಂತಿತು. ಒಂದು ಹನಿ ನೀರಿಲ್ಲ.

"ಕೆನಿ ಸೈತ ಹರದಿಲ್ಲವ್ವಾ," ಎಂದಳು ಕಟ್ಟೆಯ ಮೇಲಿನ ಒಬ್ಬಳು.

ಭೀಮಕ್ಕ ಚಮಚದ ಮೊಸರನ್ನು ಬಾಯಿಗೆ ಹಾಕಿಕೊಂಡು, ಮೆಲ್ಲಗೆ ಎದ್ದು ಒಳಗೆ ಹೋದಳು. ಶೇಖರಮ್ಮ ಹಿಂದಿನಿಂದ ಮಗಳ ಕೋಣೆಗೆ ಹೋದರೆ ಅಲ್ಲಿ ಎಲ್ಲ ತಯಾರಾಗಿತ್ತು. ಕೂಸಿನ ಅರಿವೆಗಳ ಗಂಟು, ಬಿಸಿಲಿಗೆ ಹಾಕಿ ಮಡಚಿದ ದುಪ್ಪಟಿ, ಎಣ್ಣೆ, ಲೋಬಾನದ ಡಬ್ಬಿ.

"ಅತ್ತಿ ನಿನ್ನೇನ ಗಂಟು ಕಟ್ಟ್ಯಾರ ಯವ್ವಾ," ಎಂದು ಕವಿತಾ ತಗ್ಗಿದ ದನಿಯಲ್ಲಿ ಹೇಳಿದಳು. "ಕುಲಾಯಿ ಒಂದನ್ನ ಮೂರು ಸಲ ಬಿಚ್ಚಿ ಮೂರು ಸಲ ಮಡಚ್ಯಾರ."

ಗಾಡಿಯ ತೊಟ್ಟಿಯಲ್ಲಿ ಗಾದಿ ಹಾಸಿ, ದಿಂಬು ಕೊಟ್ಟು ಕವಿತಾಳನ್ನು ಕೂರಿಸಿದರು. ಕೂಸು ಇನ್ನೂ ಭೀಮಕ್ಕನ ಕೈಯಲ್ಲಿತ್ತು. ಅವಳ ಕಿರುಬೆರಳನ್ನು ಅದು ಮುಷ್ಟಿಯಲ್ಲಿ ಹಿಡಿದುಕೊಂಡಿತ್ತು. ಬಿಡಿಸಿಕೊಳ್ಳಲು ಭೀಮಕ್ಕ ಎಳೆಯಲಿಲ್ಲ, ಅದು ತಾನಾಗಿ ಬಿಡಲಿ ಎಂದು ಕಾಯುತ್ತಿದ್ದಳು. ಅದನ್ನು ಕಂಡ ಶೇಖರಮ್ಮನಿಗೆ ಇಷ್ಟು ದಿನದ ಮೊಸರಿನ ಮಾತು ಎಲ್ಲಿಂದ ಬಂದಿತ್ತೆಂದು ಒಮ್ಮೆಗೇ ತಿಳಿಯಿತು. ಗೆದ್ದ ಹಿಗ್ಗು ಎಲ್ಲಿ ಹೋಯಿತೋ.

"ಒಂದು ತೊಂದ್ರಿ ಆಗೈತ್ರಿ ಬೀಗತಿ," ಎಂದಳು.

"ಇನ್ನೇನು?"

"ಗಾಡಿ ಮೆತ್ತಗ ಹೋಗಬೇಕಂದ್ರ ಹಿಂದ ಭಾರ ಇರಬೇಕಂತ, ರೌಫಸಾಬರು ಗಟ್ಟಿ ಹೇಳ್ಯಾರ. ಅಕ್ಕಿ ಚೀಲ ನಿಮ್ಮ ಮನ್ಯಾಗ ಇಳಿಸಿಬಿಟ್ವಿ. ಅದರ ಜಾಗಾಕ್ಕ ಯಾರರ ಕುಂದರಬೇಕಲ್ಲ."

ಭೀಮಕ್ಕ ಹುಬ್ಬೇರಿಸಿದಳು. "ನಾನೇನು ಅಕ್ಕಿ ಚೀಲೇನು?"

"ಚೀಲಕ್ಕಿಂತ ಜರಾ ಹೆಚ್ಚೇ ಅದೀರಿ. ಅದಕ್ಕ ಇನ್ನೂ ಮೆತ್ತಗ ಹೋಗ್ತೈತಿ."

ಕಟ್ಟೆಯ ತುಂಬ ನಗು ಎದ್ದಿತು. ಭೀಮಕ್ಕನಿಗೂ ನಗು ಬಂತು, ಆದರೆ ಕಣ್ಣು ಗಾಡಿಯ ಎತ್ತರದ ಕಡೆ ಹೋಯಿತು. ಮುಖ ಸಣ್ಣಗಾಯಿತು. "ನನ್ನ ಹತ್ತಿಸಾಕ ಮತ್ತ ಮೂರು ಮಂದಿ ಬೇಕು. ಬ್ಯಾಡ ಬಿಡ್ರಿ."

"ಯಾರೂ ಬ್ಯಾಡ. ಇತ್ತ ಬರ್ರಿ."

ಶೇಖರಮ್ಮ ಅವಳನ್ನು ಗಾಡಿಯ ಹಿಂದಕ್ಕೆ ಕರೆತಂದಳು. ಭೀಮಕ್ಕ ಟಯರಿನ ತುಂಡು ಹೊದ್ದ ಉಕ್ಕಿನ ಪಟ್ಟಿಯನ್ನು, ಪಕ್ಕದ ಸರಳನ್ನು ನೋಡಿದಳು.

"ಇದು ಹೋದ ಸಲ ಇರಲಿಲ್ಲಲ್ಲ. ಯಾರಿಗೆ ಮಾಡಿಸೀರಿ?"

"ನಿಮಗ. ನಾ ಮಾಡಿಸಿದ್ದಲ್ಲ, ಗಂಗಾವತ್ಯಾಗ ಒಬ್ಬಾಕಿ ನಿಮ್ಮ ಮೊಣಕಾಲಿನ ಸುದ್ದಿ ಕೇಳಿ ಮಾಡಿಸ್ಯಾಳ. ಹಸೀಬಾ ಅಂತ."

"ನನ್ನ ಆಕಿ ನೋಡೇ ಇಲ್ಲ," ಎಂದಳು ಭೀಮಕ್ಕ, ತನಗೇ ಹೇಳಿಕೊಂಡ ಹಾಗೆ. ಕೂಸನ್ನು ಶೇಖರಮ್ಮನ ಕೈಗೆ ಕೊಟ್ಟು, ಸರಳು ಹಿಡಿದು, ಬಲಗಾಲು ಮೆಟ್ಟಿಲ ಮೇಲಿಟ್ಟಳು. ಪಟ್ಟಿ ಜಗ್ಗಲಿಲ್ಲ. ಹನ್ನೆರಡು ಚೀಲ ಹೊರುವ ಉಕ್ಕು ಅದು. ಎಡಗಾಲೂ ಬಂತು. ಯಾರೂ ಜಗ್ಗದೆ, ಯಾರೂ ನೂಕದೆ ಭೀಮಕ್ಕ ತೊಟ್ಟಿಯಲ್ಲಿದ್ದಳು. ಯಂಕೇಶ ಒಳಗೆ ಓಡಿಹೋಗಿ ತಾಯಿಯ ಗುಳಿಗೆ, ಮೊಣಕಾಲಿನ ಎಣ್ಣೆ, ಎರಡು ಸೀರೆ ಒಂದು ಚೀಲಕ್ಕೆ ತುಂಬಿ ತಂದ. ಅದರೊಂದಿಗೆ ತಾಯಿಯ ಕನ್ನಡಕವನ್ನೂ ಮರೆಯದೆ ತಂದಿದ್ದ.

ಗೂಳಿ ಹೊರಟಿತು. ಹೆದ್ದಾರಿ ಮುಗಿಯಿತು, ಇಟಗಿಯ ಗುಡಿಯ ಶಿಖರ ದೂರದಲ್ಲಿ ಕಂಡು ಹಿಂದಾಯಿತು. ಡಾಂಬರು ಬಿಟ್ಟು ಗಾಡಿ ಒಳದಾರಿಗೆ ತಿರುಗಿದಾಗ ಭೀಮಕ್ಕ ಒಂದು ಕೈಯಿಂದ ಸೊಸೆಯ ಭುಜವನ್ನೂ ಇನ್ನೊಂದರಿಂದ ತೊಟ್ಟಿಯ ಅಂಚನ್ನೂ ಗಟ್ಟಿಯಾಗಿ ಹಿಡಿದು, ಹಲ್ಲು ಕಚ್ಚಿ ಕೂತಳು. ಹಳ್ಳ ಬಂತು. ಮುದುಕಪ್ಪ ನೀರಿಗೆ ಇಳಿಸಿ, ಆಚೆ ದಡ ಹತ್ತಿಸಿದ. ಶೇಖರಮ್ಮನ ಮಡಿಲಲ್ಲಿದ್ದ ಕೂಸು ತುಟಿ ಚೀಪಿತು, ಕಣ್ಣು ತೆರೆಯಲಿಲ್ಲ.

ಭೀಮಕ್ಕ ಹಿಡಿದ ಕೈ ಸಡಿಲ ಬಿಟ್ಟಳು. ತಾಡಪಾಲಿನ ಅಂಚು ಸರಿಸಿ ಹೊರಗೆ ನೋಡಿದಳು. ಎರಡೂ ಬದಿ ಹಳದಿ ಕುಸುಬೆ, ಅದರಾಚೆ ತೆನೆ ಬಿಟ್ಟ ಬಿಳಿಜೋಳ, ಅದರ ನಡುವೆ ಸುಣ್ಣ ಬಳಿದ ಮನೆ.

"ಹಳ್ಳ ಎಲ್ಲಿ?" ಎಂದಳು.

"ದಾಟಿ ಬಂದ್ವಿ ಅತ್ತಿ," ಎಂದಳು ಕವಿತಾ. ಅವಳ ಮುಖದಲ್ಲಿ ಈಗ ನಗು ಇತ್ತು.

"ಹೋದ ಸಲ ಭಾಳ ದೂರ ಇತ್ತಲ್ಲ ಇದು."

ಶೇಖರಮ್ಮ ಕೇಳಬಾರದೆಂದುಕೊಂಡಿದ್ದನ್ನು ಕೇಳಿಯೇಬಿಟ್ಟಳು. "ನಿನ್ನೇನ ಗಂಟು ಕಟ್ಟಿದ್ರಂತ. ಮೊಸರು ಒಡದು ಬಂದಿದ್ರ ಏನ್ ಮಾಡ್ತಿದ್ರಿ?"

"ಏನು ಮಾಡೂದು. ಡಾಂಬರಿನ ತನಕ ಗಾಡ್ಯಾಗ ಬಂದು, ಅಲ್ಲಿಂದ ಕೂಸಿನ್ನ ಎತ್ಕೊಂಡು ನಡಕೋತ ಬರ್ತಿದ್ದೆ."

"ಈ ಮೊಣಕಾಲ್ಲೆ? ನಾಲ್ಕು ಕಿಲೋಮೀಟರು?"

"ಸಂಜಿ ಆಗ್ತಿತ್ತು, ಅಷ್ಟೇ." ಭೀಮಕ್ಕ ಸೆರಗು ಸರಿಮಾಡಿಕೊಂಡಳು. ಮೃದುವಾದ ಮಾತು ಬಾಯಿಂದ ಬಿತ್ತೆಂದು ಮುಜುಗರವಾಗಿರಬೇಕು, ಕೂಡಲೇ ದನಿ ಬದಲಿಸಿದಳು. "ಆದ್ರ ಒಂದು ಹೇಳ್ತೀನಿ ಬೀಗತಿ. ಆ ಮೊಸರು ಜರಾ ಹುಳಿ ಇತ್ತು."

"ಇವತ್ತ ರಾತ್ರಿ ತಾಜಾ ಹಾಲು ಹೆಪ್ಪು ಹಾಕ್ತೀನ್ರಿ. ಬೆಳಿಗ್ಗಿ ಸಿಹಿ ಐತೋ ಹುಳಿ ಐತೋ ನೋಡ್ರಿ."

"ಒಂದು ದಿನದಾಗ ಹ್ಯಾಂಗ ಗೊತ್ತಾಗ್ತೈತಿ," ಎಂದಳು ಭೀಮಕ್ಕ ಗಂಭೀರವಾಗಿ. "ಒಂದು ಎಂಟು ದಿನ ನೋಡಬೇಕಾಗ್ತೈತಿ."

ಮುದುಕಪ್ಪ ಅಂಗಳದಲ್ಲಿ ಗಾಡಿ ನಿಲ್ಲಿಸಿದ. ಇಳಿದು ಹಿಂದಕ್ಕೆ ಬಂದು ಮೆಟ್ಟಿಲಿಗೆ ಅಂಟಿದ ಹಳ್ಳದ ಕೆಸರನ್ನು ತನ್ನ ಹೆಗಲ ಟವೆಲಿನಿಂದ ಒರೆಸಿದ. ಆಮೇಲೆ ಒಂದು ಬದಿಗೆ ಸರಿದು ನಿಂತ. ಭೀಮಕ್ಕ ಸರಳು ಹಿಡಿದು, ಏಳನೆಯ ಪಟ್ಟಿಯ ಮೇಲೆ ಕಾಲಿಟ್ಟು, ತಾನೇ ಇಳಿದಳು. ಇಳಿದವಳು ಹಲ್ಲು ಎಣಿಸಿಕೊಳ್ಳಲಿಲ್ಲ. ಮೊಮ್ಮಗಳಿಗಾಗಿ ಎರಡೂ ಕೈ ಚಾಚಿದಳು.